ಸ್ಟೀಗ್ ಲಾರ್ಸನ್

ಸ್ಟೀಗ್ ಲಾರ್ಸನ್ (ಆಗಸ್ಟ್ 15, 1954 – ನವೆಂಬರ್ 9, 2004) ಸ್ವೀಡನ್ ದೇಶದ ಪತ್ರಕರ್ತ, ಕಾದಂಬರಿಕಾರ ಹಾಗೂ ಜನಾಂಗದ್ವೇಷದ ವಿರುದ್ಧ ಹೋರಾಡಿದ ಕಾರ್ಯಕರ್ತ. ‘ಮಿಲೇನಿಯಂ’ ಸರಣಿಯ ಮೂರು ಅಪರಾಧ ಕಾದಂಬರಿಗಳಿಂದ ಅವರು ವಿಶ್ವದಾದ್ಯಂತ ಪ್ರಸಿದ್ಧರಾದರು. ಈ ಮೂರೂ ಕಾದಂಬರಿಗಳು ಅವರ ನಿಧನದ ನಂತರ, 2005ರಿಂದ 2007ರ ಅವಧಿಯಲ್ಲಿ ಪ್ರಕಟವಾದವು. ಜೀವಿತಾವಧಿಯಲ್ಲಿ ಅವರನ್ನು ಸ್ವೀಡನ್ನಿನ ಜನರು ತೀವ್ರ ಬಲಪಂಥೀಯ ಸಂಘಟನೆಗಳ ಅಧ್ಯಯನಕಾರರಾಗಿ, ‘ಎಕ್ಸ್‌ಪೊ’ ಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರಾಗಿ ಮಾತ್ರ ಬಲ್ಲವರಾಗಿದ್ದರು.

ಸ್ಕ್ಯಾಂಡಿನೇವಿಯದ ಅಪರಾಧ ಕಥನಗಳಲ್ಲಿ ಮಹಿಳೆಯರು, ವಲಸಿಗರು ಮತ್ತು ಸಮಾಜದ ಅಂಚಿನಲ್ಲಿರುವವರು ಹೇಗೆ ಕಾಣಿಸಿಕೊಳ್ಳುತ್ತಾರೆ ಎಂಬ ಚರ್ಚೆಯಲ್ಲಿ ಲಾರ್ಸನ್ ಅವರ ಹೆಸರು ಮುಖ್ಯವಾಗಿ ಕೇಳಿಬರುತ್ತದೆ. ಸಮಾನತೆಗೆ ಹೆಸರಾದ ದೇಶವೊಂದರಲ್ಲಿ ಯಾರ ಮೇಲಿನ ಹಿಂಸೆ ಲೆಕ್ಕಕ್ಕೆ ಬರುತ್ತದೆ, ಯಾರದ್ದು ಬರುವುದಿಲ್ಲ ಎಂಬ ಪ್ರಶ್ನೆ ಅವರ ಪತ್ರಿಕಾ ಬರಹ ಮತ್ತು ಕಾದಂಬರಿಗಳೆರಡಕ್ಕೂ ಆಧಾರವಾಗಿದೆ. ಈ ಪ್ರಶ್ನೆಗೆ ಅವರ ಕಾದಂಬರಿಗಳು ಎಷ್ಟರಮಟ್ಟಿಗೆ ನ್ಯಾಯ ಒದಗಿಸಿವೆ ಎಂಬ ಬಗ್ಗೆ ವಿಮರ್ಶಕರಲ್ಲಿ ಭಿನ್ನಾಭಿಪ್ರಾಯವಿದೆ.

ಬಾಲ್ಯ ಮತ್ತು ಕುಟುಂಬ

ಲಾರ್ಸನ್ ಅವರು ಉತ್ತರ ಸ್ವೀಡನ್ನಿನ ವೆಸ್ಟರ್‌ಬಾಟನ್ ಪ್ರಾಂತ್ಯದ ಶೆಲ್ಲೆಫ್ಟೆಹಾಮ್ನ್ ಎಂಬ ಊರಿನಲ್ಲಿ ಜನಿಸಿದರು. ಅವರ ಪೂರ್ಣ ಹೆಸರು ಕಾರ್ಲ್ ಸ್ಟಿಗ್ ಎರ್ಲಾಂಡ್ ಲಾರ್ಸನ್. ತಂದೆ ಎರ್ಲಾಂಡ್ ಲಾರ್ಸನ್, ತಾಯಿ ವಿವಿಯಾನ್ ಬೂಸ್ಟ್ರೋಮ್. ತಂದೆ ಸಮೀಪದ ರೊನ್‌ಶೇರ್ ಲೋಹ ಕರಗಿಸುವ ಕಾರ್ಖಾನೆಯಲ್ಲಿ ಕಾರ್ಮಿಕರಾಗಿದ್ದರು. ಅಲ್ಲಿನ ಆರ್ಸೆನಿಕ್ ವಿಷದಿಂದ ಆರೋಗ್ಯ ಕೆಟ್ಟು ಅವರು ಕೆಲಸ ಬಿಡಬೇಕಾಯಿತು. ದಂಪತಿ ಜೀವನೋಪಾಯಕ್ಕಾಗಿ ಸ್ಟಾಕ್‌ಹೋಮ್ ನಗರಕ್ಕೆ ತೆರಳಿದಾಗ, ಅಲ್ಲಿ ವಾಸಕ್ಕೆ ಸಾಕಷ್ಟು ಜಾಗವಿಲ್ಲದ ಕಾರಣ ಒಂದು ವರ್ಷದ ಮಗುವನ್ನು ತಾಯಿಯ ತಂದೆತಾಯಿಯ ಬಳಿ ಬಿಟ್ಟುಹೋದರು.

ಅಜ್ಜ ಸೆವೆರಿನ್ ಮತ್ತು ಅಜ್ಜಿ ಟೆಕ್ಲಾ ಅವರ ಮನೆ ಬ್ಯುರ್ಸೆಲೆ ಎಂಬ ಹಳ್ಳಿಯ ಬಳಿಯಿದ್ದ ಸಣ್ಣ ಮರದ ಮನೆ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುಹಲಗೆ ಕಟ್ಟಿಕೊಂಡು ಶಾಲೆಗೆ ಹೋಗಬೇಕಾಗಿದ್ದ ಪ್ರದೇಶವದು. ಸೆವೆರಿನ್ ಕಮ್ಯುನಿಸ್ಟ್ ವಿಚಾರದವರು, ನಾಜಿಸಂನ ಕಟು ವಿರೋಧಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಟಸ್ಥ ನೀತಿ ಅನುಸರಿಸುತ್ತಿದ್ದ ಸ್ವೀಡನ್ ಸರ್ಕಾರವು ಎಡಪಂಥೀಯರನ್ನು ಕೆಲಸದ ಶಿಬಿರಗಳಲ್ಲಿ ಇರಿಸಿತ್ತು. ಹಾಗೆ ಇರಿಸಲ್ಪಟ್ಟವರಲ್ಲಿ ಸೆವೆರಿನ್ ಅವರೂ ಒಬ್ಬರು. ಪ್ರಜಾಪ್ರಭುತ್ವದ ದೇಶವೂ ತನ್ನ ಪ್ರಜೆಗಳನ್ನು ಸದ್ದಿಲ್ಲದೆ ಬದಿಗೆ ಸರಿಸಬಲ್ಲದು ಎಂಬ ತಿಳಿವಳಿಕೆ ಲಾರ್ಸನ್ ಅವರಿಗೆ ದೊರೆತದ್ದು ಅಜ್ಜನ ಈ ಅನುಭವದಿಂದ. ಮುಂದೆ ಅವರ ಕಾದಂಬರಿಗಳಲ್ಲಿ ಸರ್ಕಾರದ ರಹಸ್ಯ ವಿಭಾಗವೊಂದು ಅಮಾಯಕ ಬಾಲಕಿಯೊಬ್ಬಳನ್ನು ಮನೋರೋಗಿಯೆಂದು ಘೋಷಿಸಿ ಬಾಯಿ ಮುಚ್ಚಿಸುವ ಕಥೆ ಬರುತ್ತದೆ.

1960ರ ದಶಕದ ಆರಂಭದಲ್ಲಿ ಅಜ್ಜ ಹೃದಯಾಘಾತದಿಂದ ನಿಧನರಾದರು. ಆ ಬಳಿಕ ಬಾಲಕ ಊಮಿಯೋ ನಗರದಲ್ಲಿ ತಂದೆತಾಯಿ ಮತ್ತು ತಮ್ಮ ಯೂಆಕಿಮ್ ಅವರೊಂದಿಗೆ ವಾಸಿಸತೊಡಗಿದರು. ಹನ್ನೆರಡನೆಯ ಹುಟ್ಟುಹಬ್ಬಕ್ಕೆ ತಂದೆತಾಯಿ ಬೆರಳಚ್ಚು ಯಂತ್ರವೊಂದನ್ನು ಉಡುಗೊರೆಯಾಗಿ ಕೊಟ್ಟರು. ಹದಿಹರೆಯದಲ್ಲಿ ಅವರ ಮೊದಲ ಆಸಕ್ತಿ ವೈಜ್ಞಾನಿಕ ಕಥಾಸಾಹಿತ್ಯ. 1972ರಲ್ಲಿ ಗೆಳೆಯನೊಬ್ಬನ ಜೊತೆ ‘ಸ್ಫೇರೆನ್’ ಎಂಬ ಅಭಿಮಾನಿ ಪತ್ರಿಕೆಯನ್ನು ಆರಂಭಿಸಿದರು. 1980ರಲ್ಲಿ ಸ್ಕ್ಯಾಂಡಿನೇವಿಯದ ವೈಜ್ಞಾನಿಕ ಕಥಾಸಾಹಿತ್ಯ ಸಂಘದ ಅಧ್ಯಕ್ಷರೂ ಆದರು. ಅದೇ ಪ್ರದೇಶದಿಂದ ಬಂದ ಸ್ಟಿಗ್ ಲಾರ್ಸನ್ ಎಂಬ ಮತ್ತೊಬ್ಬ ಲೇಖಕರೂ ಇದ್ದುದರಿಂದ, ಗೊಂದಲವಾಗದಿರಲೆಂದು ತಮ್ಮ ಹೆಸರಿನ ಕಾಗುಣಿತವನ್ನು ‘ಸ್ಟೀಗ್’ ಎಂದು ಬದಲಿಸಿಕೊಂಡರು.

ರಾಜಕೀಯ ಚಟುವಟಿಕೆ

1972ರಲ್ಲಿ ಊಮಿಯೋದಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ನಡೆದ ಸಭೆಯೊಂದರಲ್ಲಿ ಲಾರ್ಸನ್ ಅವರಿಗೆ ಎವಾ ಗಾಬ್ರಿಯೆಲ್‌ಸನ್ ಅವರ ಪರಿಚಯವಾಯಿತು. ಮುಂದೆ ವಾಸ್ತುಶಿಲ್ಪಿಯಾದ ಅವರು ಲಾರ್ಸನ್ ಅವರ ಜೀವನದ ಕೊನೆಯವರೆಗೆ ಸಂಗಾತಿಯಾಗಿದ್ದರು. ಲಾರ್ಸನ್ ಅವರು ಟ್ರಾಟ್‌ಸ್ಕಿವಾದಿ ಪಕ್ಷವಾದ ಕಮ್ಯುನಿಸ್ಟ್ ಕಾರ್ಮಿಕ ಸಂಘವನ್ನು ಸೇರಿ, ಅದರ ಪತ್ರಿಕೆಗಳಿಗೆ ಬರೆದರು. ಕಡ್ಡಾಯ ಸೇನಾ ಸೇವೆಯ ಅವಧಿಯಲ್ಲಿ ಮಾರ್ಟರ್ ಫಿರಂಗಿ ಬಳಕೆಯ ತರಬೇತಿ ಪಡೆದರು.

1977ರಲ್ಲಿ ಅವರು ಆಫ್ರಿಕಾದ ಎರಿಟ್ರಿಯಾಕ್ಕೆ ಪ್ರಯಾಣ ಮಾಡಿದರು. ಆಗ ಇಥಿಯೋಪಿಯದ ಆಳ್ವಿಕೆಯಿಂದ ಬಿಡುಗಡೆಗಾಗಿ ಹೋರಾಡುತ್ತಿದ್ದ ಎರಿಟ್ರಿಯನ್ ಜನತಾ ವಿಮೋಚನಾ ರಂಗದ ಮಹಿಳಾ ಯೋಧರ ತುಕಡಿಯೊಂದಕ್ಕೆ ಮಾರ್ಟರ್ ಬಳಸುವುದನ್ನು ಕಲಿಸಿದರು. ಮೂತ್ರಪಿಂಡದ ಕಾಯಿಲೆಗೆ ತುತ್ತಾಗಿ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಸ್ವದೇಶಕ್ಕೆ ಮರಳಿದರು. ಆಯುಧ ಹಿಡಿದ ಸ್ತ್ರೀಯರ ಬಗೆಗಿನ ಅವರ ಆಸಕ್ತಿ ಮುಂದೆಯೂ ಉಳಿಯಿತು. ಮಿಲೇನಿಯಂ ಸರಣಿಯ ಮೂರನೆಯ ಕಾದಂಬರಿಯ ಪ್ರತಿ ಭಾಗವೂ ಇತಿಹಾಸ ಮತ್ತು ಪುರಾಣಗಳಲ್ಲಿ ಬರುವ ಮಹಿಳಾ ಯೋಧರ ಕುರಿತ ಟಿಪ್ಪಣಿಯೊಂದಿಗೆ ಆರಂಭವಾಗುತ್ತದೆ.

ಪತ್ರಿಕಾವೃತ್ತಿ ಮತ್ತು ‘ಎಕ್ಸ್‌ಪೊ’

ಎರಿಟ್ರಿಯಾದಿಂದ ಮರಳಿದ ನಂತರ ಲಾರ್ಸನ್ ಅವರು ಸ್ಟಾಕ್‌ಹೋಮ್‌ನಲ್ಲಿ ನೆಲೆಸಿ, ಟಿಟಿ ಎಂದು ಕರೆಯಲ್ಪಡುವ ಸ್ವೀಡನ್ನಿನ ಪ್ರಮುಖ ಸುದ್ದಿಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ನಕ್ಷೆ, ರೇಖಾಚಿತ್ರಗಳನ್ನು ಸಿದ್ಧಪಡಿಸುವುದು ಅಲ್ಲಿ ಅವರ ಮುಖ್ಯ ಕೆಲಸ. 1999ರವರೆಗೆ ಆ ಹುದ್ದೆಯಲ್ಲಿದ್ದರು. ಇದರ ಜೊತೆಗೆ ಬ್ರಿಟನ್ನಿನ ಫ್ಯಾಸಿಸ್ಟ್‌ವಿರೋಧಿ ಪತ್ರಿಕೆ ‘ಸರ್ಚ್‌ಲೈಟ್’ಗೆ ಸ್ವೀಡನ್ನಿನ ವರದಿಗಾರರಾಗಿ 1980ರ ದಶಕದಿಂದ ಬರೆಯುತ್ತಿದ್ದರು. ಹಗಲು ಸುದ್ದಿಸಂಸ್ಥೆಯ ಕೆಲಸ, ರಾತ್ರಿ ನವನಾಜಿ ಗುಂಪುಗಳ ಕರಪತ್ರ, ಸದಸ್ಯತ್ವ, ಹಣಕಾಸುಗಳ ದಾಖಲೆ ಸಂಗ್ರಹ ಎಂಬುದು ಅವರ ದಿನಚರಿಯಾಗಿತ್ತು.

1991ರಲ್ಲಿ ಪತ್ರಕರ್ತೆ ಆನ್ನಾ ಲೆನಾ ಲೊಡೆನಿಯಸ್ ಅವರೊಂದಿಗೆ ‘ಎಕ್ಸ್‌ಟ್ರೀಮ್‌ಹ್ಯೋಗರ್ನ್’ (ತೀವ್ರ ಬಲಪಂಥ) ಎಂಬ ಗ್ರಂಥವನ್ನು ಪ್ರಕಟಿಸಿದರು. ಅದೇ ವರ್ಷ ವಲಸೆಯನ್ನು ವಿರೋಧಿಸುವ ಹೊಸ ಪಕ್ಷವೊಂದು ಸ್ವೀಡನ್ನಿನ ಸಂಸತ್ತನ್ನು ಪ್ರವೇಶಿಸಿತು. 1991ರ ಆಗಸ್ಟ್‌ನಿಂದ 1992ರ ಜನವರಿಯ ನಡುವೆ ಬಂದೂಕುಧಾರಿಯೊಬ್ಬ ಸ್ಟಾಕ್‌ಹೋಮ್ ಮತ್ತು ಉಪ್ಸಾಲಾ ನಗರಗಳಲ್ಲಿ ಹನ್ನೊಂದು ಮಂದಿಯ ಮೇಲೆ ಗುಂಡು ಹಾರಿಸಿದನು. ಗುರಿಯಾದವರಲ್ಲಿ ಹೆಚ್ಚಿನವರು ವಲಸಿಗರು, ಒಬ್ಬರು ಮೃತಪಟ್ಟರು. ಲಾರ್ಸನ್ ಅವರು ದಾಖಲಿಸುತ್ತಿದ್ದ ದ್ವೇಷ ಆ ವೇಳೆಗೆ ಬೀದಿಗೆ ಬಂದಿತ್ತು.

ನವನಾಜಿಗಳಿಂದ ಸರಣಿ ಕೊಲೆಗಳು ನಡೆದ 1995ರಲ್ಲಿ ಲಾರ್ಸನ್ ಮತ್ತು ಇತರರು ಸೇರಿ ಎಕ್ಸ್‌ಪೊ ಪ್ರತಿಷ್ಠಾನವನ್ನು ಹಾಗೂ ಅದೇ ಹೆಸರಿನ ಪತ್ರಿಕೆಯನ್ನು ಸ್ಥಾಪಿಸಿದರು. ಜನಾಂಗದ್ವೇಷಿ ಸಂಘಟನೆಗಳನ್ನು ಸಂಶೋಧನೆಯ ಮೂಲಕ ಬಯಲಿಗೆಳೆಯುವುದು ಅದರ ಉದ್ದೇಶ. 1996ರಲ್ಲಿ ಪತ್ರಿಕೆಯ ಮುದ್ರಣಾಲಯ ಮತ್ತು ಮಾರಾಟಗಾರರ ಮೇಲೆ ದಾಳಿ, ಬೆದರಿಕೆಗಳು ನಡೆದಾಗ, ದೇಶದ ಎರಡು ದೊಡ್ಡ ಸಂಜೆ ಪತ್ರಿಕೆಗಳಾದ ‘ಆಫ್ಟನ್‌ಬ್ಲಾಡೆಟ್’ ಮತ್ತು ‘ಎಕ್ಸ್‌ಪ್ರೆಸೆನ್’ ಎಕ್ಸ್‌ಪೊದ ಸಂಚಿಕೆಯನ್ನು ತಮ್ಮ ಪುರವಣಿಯಾಗಿ ಓದುಗರಿಗೆ ಹಂಚಿದವು. ಹಣದ ಕೊರತೆಯಿಂದ ಪತ್ರಿಕೆ ಕೆಲವು ವರ್ಷ ಕುರ್ದಿಷ್ ಮೂಲದ ಪತ್ರಕರ್ತ ಕುರ್ದೊ ಬಕ್ಸಿ ಅವರ ‘ಸ್ವಾರ್ಟ್‌ವಿಟ್’ ಪತ್ರಿಕೆಯೊಡನೆ ಜೊತೆಯಾಗಿ ಪ್ರಕಟವಾಯಿತು. ಬಕ್ಸಿ ಅವರು ಲಾರ್ಸನ್ ಅವರ ಆಪ್ತರಾದರು. ಮೂರನೆಯ ಕಾದಂಬರಿಯಲ್ಲಿ ತಮ್ಮದೇ ಹೆಸರಿನಿಂದ ಪಾತ್ರವಾಗಿಯೂ ಕಾಣಿಸಿಕೊಳ್ಳುತ್ತಾರೆ.

ಈ ಕೆಲಸ ಅಪಾಯಕಾರಿಯಾಗಿತ್ತು. 1999ರಲ್ಲಿ, ನವನಾಜಿಗಳ ಬಗ್ಗೆ ಬರೆದಿದ್ದ ಪತ್ರಕರ್ತರೊಬ್ಬರ ಕಾರನ್ನು ಬಾಂಬಿನಿಂದ ಸ್ಫೋಟಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನವನಾಜಿಯೊಬ್ಬ ಕಾರ್ಮಿಕ ಸಂಘದ ಸಮಿತಿಯಲ್ಲಿರುವುದನ್ನು ಬಹಿರಂಗಪಡಿಸಿದ ಕಾರ್ಮಿಕ ನಾಯಕ ಬ್ಯೋರ್ನ್ ಸೋಡರ್‌ಬೆರಿ ಅವರನ್ನು ಮನೆಬಾಗಿಲಲ್ಲೇ ಕೊಲ್ಲಲಾಯಿತು. ಲಾರ್ಸನ್ ಅವರಿಗೂ ಕೊಲೆ ಬೆದರಿಕೆಗಳಿದ್ದವು. ಬೆದರಿಕೆಗೊಳಗಾದ ಪತ್ರಕರ್ತರು ತಮ್ಮನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬ ಬಗ್ಗೆ ಅವರು 2000ದಲ್ಲಿ ಕೈಪಿಡಿಯೊಂದನ್ನು ಬರೆದರು. ವಿವಾಹವಾದರೆ ಇಬ್ಬರ ವಿಳಾಸವೂ ಸಾರ್ವಜನಿಕ ದಾಖಲೆಗಳಲ್ಲಿ ಜೊತೆಯಾಗಿ ಸಿಗುತ್ತದೆ ಎಂಬ ಕಾರಣಕ್ಕೆ ತಾವು ಮದುವೆಯಾಗಲಿಲ್ಲ ಎಂದು ಗಾಬ್ರಿಯೆಲ್‌ಸನ್ ಅವರು ಮುಂದೆ ತಿಳಿಸಿದ್ದಾರೆ.

2001ರಲ್ಲಿ ಮಿಕಾಯೆಲ್ ಎಕ್‌ಮನ್ ಅವರೊಂದಿಗೆ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷದ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಆಗ ಅದು ಸಂಸತ್ತಿನಲ್ಲಿ ಒಂದೂ ಸ್ಥಾನವಿಲ್ಲದ ಸಣ್ಣ ಪಕ್ಷ. 2010ರ ಚುನಾವಣೆಯಲ್ಲಿ ಅದು ಮೊದಲ ಬಾರಿಗೆ ಸಂಸತ್ತನ್ನು ಪ್ರವೇಶಿಸಿ 20 ಸ್ಥಾನಗಳನ್ನು ಪಡೆಯಿತು. ಲಾರ್ಸನ್ ಅವರು ತೀರಿಕೊಂಡು ಆಗ ಆರು ವರ್ಷಗಳಾಗಿದ್ದವು.

ಮರ್ಯಾದೆಗೇಡು ಹತ್ಯೆಯ ಚರ್ಚೆ

2002ರ ಜನವರಿಯಲ್ಲಿ ಕುರ್ದಿಷ್ ಮೂಲದ ವಿದ್ಯಾರ್ಥಿನಿ ಫಾದಿಮೆ ಶಾಹಿಂದಾಲ್ ಅವರನ್ನು ಉಪ್ಸಾಲಾದಲ್ಲಿ ಆಕೆಯ ತಂದೆಯೇ ಗುಂಡಿಟ್ಟು ಕೊಂದನು. ತಾನು ಇಷ್ಟಪಟ್ಟವನೊಡನೆ ಬಾಳುವ ಹಕ್ಕಿಗಾಗಿ ಕುಟುಂಬವನ್ನು ಎದುರಿಸಿದ್ದ ಆಕೆ, ಕೆಲವೇ ತಿಂಗಳ ಹಿಂದೆ ಸ್ವೀಡನ್ನಿನ ಸಂಸತ್ ಭವನದಲ್ಲಿ ಈ ವಿಷಯದ ಮೇಲೆ ಭಾಷಣ ಮಾಡಿದ್ದರು. ಈ ಕೊಲೆ ದೇಶದಲ್ಲಿ ದೊಡ್ಡ ಚರ್ಚೆಯನ್ನು ಹುಟ್ಟುಹಾಕಿತು. ಇದು ವಲಸಿಗರ ಸಂಸ್ಕೃತಿಯ ಸಮಸ್ಯೆ ಎಂದು ಒಂದು ಪಕ್ಷ ವಾದಿಸಿತು. ಎಲ್ಲ ಸಮಾಜಗಳಲ್ಲೂ ಇರುವ ಪುರುಷಪ್ರಾಬಲ್ಯದ ಒಂದು ರೂಪವಷ್ಟೇ ಎಂದು ಮತ್ತೊಂದು ಪಕ್ಷ ಹೇಳಿತು.

ಲಾರ್ಸನ್ ಅವರು ಎರಡನೆಯ ಪಕ್ಷದ ಪ್ರಮುಖ ವಕ್ತಾರರಾದರು. 2004ರಲ್ಲಿ ಸೆಸಿಲಿಯಾ ಎಂಗ್ಲುಂಡ್ ಅವರೊಂದಿಗೆ ಸಂಪಾದಿಸಿದ ಲೇಖನ ಸಂಗ್ರಹದಲ್ಲಿ, ಫಾದಿಮೆ ಅವರ ಹತ್ಯೆಯನ್ನು ಸುಮಾರು ಅದೇ ಕಾಲದಲ್ಲಿ ಪ್ರಿಯಕರನಿಂದ ಕೊಲೆಯಾದ ಸ್ವೀಡಿಷ್ ಮೂಲದ ಯುವತಿಯೊಬ್ಬಳ ಪ್ರಕರಣದೊಂದಿಗೆ ಹೋಲಿಸಿದರು. ಮೊದಲನೆಯದಕ್ಕೆ ಒಂದು ಇಡೀ ಸಮುದಾಯವನ್ನು ಹೊಣೆಯಾಗಿಸುವ ಸಮಾಜ, ಎರಡನೆಯದನ್ನು ಒಬ್ಬ ವ್ಯಕ್ತಿಯ ದುಷ್ಕೃತ್ಯವೆಂದು ನೋಡುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ಸಂಸ್ಕೃತಿಯ ಪಾತ್ರವನ್ನು ಸಂಪೂರ್ಣ ಅಲ್ಲಗಳೆದರೆ, ಬೆದರಿಕೆಯಲ್ಲಿ ಬದುಕುತ್ತಿರುವ ವಲಸಿಗ ಹುಡುಗಿಯರಿಗೆ ಬೇಕಾದ ನಿರ್ದಿಷ್ಟ ನೆರವು ತಪ್ಪಿಹೋಗುತ್ತದೆ ಎಂದು ವಿರೋಧಿಗಳು ವಾದಿಸಿದರು. ಈ ವಾದಕ್ಕೆ ವಲಸಿಗ ಮಹಿಳೆಯರಿಂದಲೂ ಬೆಂಬಲವಿತ್ತು. ಈ ಚರ್ಚೆ ನಡೆಯುತ್ತಿದ್ದ ವರ್ಷಗಳಲ್ಲೇ ಲಾರ್ಸನ್ ಅವರು ಸಂಜೆಯ ಬಿಡುವಿನಲ್ಲಿ ಕಾದಂಬರಿಗಳನ್ನು ಬರೆಯುತ್ತಿದ್ದರು.

ಮಿಲೇನಿಯಂ ಸರಣಿ

ಸ್ವೀಡನ್ನಿನಲ್ಲಿ ಅಪರಾಧ ಕಾದಂಬರಿಯ ಮೂಲಕ ಸಮಾಜವಿಮರ್ಶೆ ಮಾಡುವ ಪರಂಪರೆ ಲಾರ್ಸನ್ ಅವರಿಗಿಂತ ಹಳೆಯದು. ಮಾಯ್ ಶೋವಾಲ್ ಮತ್ತು ಪೆರ್ ವಾಲೋ ಜೋಡಿ 1965ರಿಂದ 1975ರವರೆಗೆ ಬರೆದ ಹತ್ತು ಕಾದಂಬರಿಗಳಲ್ಲಿ ಕಲ್ಯಾಣ ರಾಜ್ಯದ ಬಿರುಕುಗಳನ್ನು ತೋರಿಸಿದ್ದರು. ಹೆನ್ನಿಂಗ್ ಮಾನ್ಕೆಲ್ ಅವರ ವಲಾಂಡರ್ ಸರಣಿಯ ಮೊದಲ ಕಾದಂಬರಿ (1991) ವಲಸಿಗರ ಮೇಲಿನ ದ್ವೇಷವನ್ನೇ ವಸ್ತುವಾಗಿ ಹೊಂದಿತ್ತು. ಆದರೆ ಈ ಕೃತಿಗಳಲ್ಲಿ ಸಮಾಜವನ್ನು ನೋಡುವ ಕಣ್ಣು ಮುಖ್ಯವಾಗಿ ಸ್ವೀಡಿಷ್ ಪೊಲೀಸ್ ಅಧಿಕಾರಿಯದ್ದು. ಲಾರ್ಸನ್ ಅವರು ಈ ಕಣ್ಣನ್ನು ಪೊಲೀಸ್ ಠಾಣೆಯಿಂದ ಹೊರಗೆ ತಂದರು. ಅವರ ನಾಯಕರು ಪತ್ರಕರ್ತ ಮಿಕಾಯೆಲ್ ಬ್ಲೂಮ್‌ಕ್ವಿಸ್ಟ್ ಮತ್ತು ಸರ್ಕಾರದ ಕಡತಗಳಲ್ಲಿ ಅಸಮರ್ಥಳೆಂದು ದಾಖಲಾಗಿರುವ ಯುವತಿ ಲಿಸ್ಬೆತ್ ಸಲಾಂಡರ್.

ಮಹಿಳೆಯರ ಚಿತ್ರಣ

ಸರಣಿಯ ಮೊದಲ ಕಾದಂಬರಿಯ ಸ್ವೀಡಿಷ್ ಶೀರ್ಷಿಕೆಯ ಅರ್ಥ ‘ಮಹಿಳೆಯರನ್ನು ದ್ವೇಷಿಸುವ ಪುರುಷರು’ ಎಂದು. ಅದರ ನಾಲ್ಕು ಭಾಗಗಳೂ ಸ್ವೀಡನ್ನಿನಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯದ ಅಂಕಿಅಂಶದೊಂದಿಗೆ ತೆರೆದುಕೊಳ್ಳುತ್ತವೆ. ಶ್ರೀಮಂತ ಉದ್ಯಮಿ ಕುಟುಂಬದ ಹುಡುಗಿಯೊಬ್ಬಳು 1966ರಲ್ಲಿ ಕಣ್ಮರೆಯಾದ ರಹಸ್ಯ ಕಥೆಯ ಕೇಂದ್ರ. ಆ ಕುಟುಂಬದ ಹಿರಿಯರಲ್ಲಿ ನಾಜಿ ಬೆಂಬಲಿಗರಿದ್ದಾರೆ. ತನಿಖೆ ಮುಂದುವರಿದಂತೆ ದಶಕಗಳಿಂದ ಮಹಿಳೆಯರನ್ನು ಕೊಲ್ಲುತ್ತ ಬಂದವನೊಬ್ಬ ಪತ್ತೆಯಾಗುತ್ತಾನೆ. ಒಬ್ಬ ಶ್ರೀಮಂತ ಹುಡುಗಿಗಾಗಿ ನಲವತ್ತು ವರ್ಷ ಹುಡುಕಾಟ ನಡೆದಿದ್ದರೆ, ಅವನು ಆರಿಸಿಕೊಂಡ ವಲಸಿಗ ಮತ್ತು ಬಡ ಮಹಿಳೆಯರನ್ನು ಯಾರೂ ಹುಡುಕಲೇ ಇಲ್ಲ. ಕಾದಂಬರಿಯ ನೈತಿಕ ಭಾರ ಇರುವುದು ಈ ವ್ಯತ್ಯಾಸದಲ್ಲಿ.

ಸಲಾಂಡರ್ ಪಾತ್ರವನ್ನು ರೂಪಿಸುವಾಗ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಮಕ್ಕಳ ಕಥೆಗಳ ನಾಯಕಿ ಪಿಪ್ಪಿ ದೊಡ್ಡವಳಾದರೆ ಹೇಗಿರುತ್ತಾಳೆ ಎಂದು ಯೋಚಿಸಿದ್ದಾಗಿ ಲಾರ್ಸನ್ ಅವರು ಹೇಳಿದ್ದರು. ಸಲಾಂಡರ್ ಕಂಪ್ಯೂಟರ್ ಜಾಲಗಳಿಗೆ ಲಗ್ಗೆಯಿಡುವ ಚತುರೆ, ಸ್ತ್ರೀಪುರುಷರಿಬ್ಬರೊಡನೆಯೂ ಸಂಬಂಧ ಹೊಂದಿರುವವಳು, ಇತರರೊಡನೆ ಬೆರೆಯದವಳು. ನ್ಯಾಯಾಲಯ ನೇಮಿಸಿದ ಪಾಲಕನೇ ಆಕೆಯ ಮೇಲೆ ಅತ್ಯಾಚಾರ ಮಾಡುತ್ತಾನೆ. ಎರಡನೆಯ ಕಾದಂಬರಿಯಲ್ಲಿ ಆಕೆ ಕೊಲೆ ಆರೋಪಿಯಾದಾಗ ಪತ್ರಿಕೆಗಳು ಆಕೆಯ ಉಡುಪು, ಲೈಂಗಿಕತೆ ಮತ್ತು ಮಾನಸಿಕ ಚಿಕಿತ್ಸೆಯ ದಾಖಲೆಗಳನ್ನೇ ಅಪರಾಧದ ಸಾಕ್ಷ್ಯದಂತೆ ಬಿಂಬಿಸುತ್ತವೆ. ಸಮಾಜ ಭಿನ್ನವಾಗಿರುವವರನ್ನು ಹೇಗೆ ಚಿತ್ರಿಸುತ್ತದೆ ಎಂಬುದನ್ನು ಕಾದಂಬರಿ ಹೀಗೆ ತನ್ನೊಳಗೇ ಪರೀಕ್ಷಿಸುತ್ತದೆ. ಮೂರನೆಯ ಕಾದಂಬರಿಯ ನ್ಯಾಯಾಲಯದ ಭಾಗದಲ್ಲಿ, ಸಲಾಂಡರ್ ಹೇಳುತ್ತ ಬಂದದ್ದೆಲ್ಲ ನಿಜವೆಂದು ವಕೀಲೆ ಆನ್ನಿಕಾ ಜನ್ನೀನಿ ದಾಖಲೆಗಳ ಮೂಲಕ ಸಾಬೀತುಪಡಿಸುತ್ತಾಳೆ.

ಹದಿಹರೆಯದಲ್ಲಿ ಲಾರ್ಸನ್ ಅವರು ಸಾಮೂಹಿಕ ಅತ್ಯಾಚಾರವೊಂದನ್ನು ಕಂಡೂ ತಡೆಯದೆ ಹೋಗಿದ್ದರೆಂದೂ, ಆ ಪಾಪಪ್ರಜ್ಞೆ ಅವರನ್ನು ಕೊನೆಯವರೆಗೆ ಕಾಡಿತೆಂದೂ ಕುರ್ದೊ ಬಕ್ಸಿ ಅವರು 2010ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ.

ವಲಸಿಗರ ಚಿತ್ರಣ

ಲಾರ್ಸನ್ ಅವರು ನಿಧನರಾದ ವರ್ಷ ಸ್ವೀಡನ್ನಿನ ನಿವಾಸಿಗಳಲ್ಲಿ ಸುಮಾರು ಎಂಟರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ಅವರ ಕಾದಂಬರಿಗಳ ಜನಸಮೂಹ ಈ ವಾಸ್ತವವನ್ನು ಪ್ರತಿಬಿಂಬಿಸುತ್ತದೆ. ಸಲಾಂಡರ್ ಕೆಲಸ ಮಾಡುವ ಭದ್ರತಾ ಸಂಸ್ಥೆಯ ಮುಖ್ಯಸ್ಥ ದ್ರಾಗನ್ ಅರ್ಮಾನ್‌ಸ್ಕಿ ಕ್ರೊವೇಷಿಯಾದಲ್ಲಿ ಹುಟ್ಟಿದವನು. ತಂದೆ ಅರ್ಮೇನಿಯನ್ ಯಹೂದಿ, ತಾಯಿ ಬೋಸ್ನಿಯಾದ ಮುಸ್ಲಿಂ. ಅವನ ಚಹರೆ ನೋಡಿ ಜನ ಅಪರಾಧಿಯೆಂದು ಊಹಿಸುತ್ತಾರೆ. ನಿಜಕ್ಕೂ ಅವನು ಲೆಕ್ಕಾಚಾರದಲ್ಲಿ ನುರಿತ ಆಡಳಿತಗಾರ. ಕೊಲೆ ತನಿಖೆಯ ಹೊಣೆ ಹೊತ್ತ ಅಧಿಕಾರಿ ಬುಬ್ಲಾನ್‌ಸ್ಕಿ ಯಹೂದಿ. ಸಲಾಂಡರ್‌ಳ ಗೆಳತಿ ಮಿರಿಯಮ್ ವು ಚೀನೀ ಬೇರುಗಳುಳ್ಳವಳು.

ಇವರಲ್ಲಿ ಇದ್ರಿಸ್ ಘಿದಿ ಎಂಬ ಸಣ್ಣ ಪಾತ್ರ ವಿಶೇಷವಾಗಿ ಗಮನಾರ್ಹ. ಇರಾಕಿನ ಸದ್ದಾಂ ಆಡಳಿತದಲ್ಲಿ ಚಿತ್ರಹಿಂಸೆ ಅನುಭವಿಸಿ ಸ್ವೀಡನ್ನಿಗೆ ಬಂದ ವಿದ್ಯಾವಂತ ಕುರ್ದಿಷ್ ನಿರಾಶ್ರಿತನಾದ ಆತ, ಗೋಥೆನ್‌ಬರ್ಗ್‌ನ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಾನೆ. ಯಾರೂ ಅವನನ್ನು ಗಮನಿಸುವುದಿಲ್ಲ. ಗಮನಿಸುವುದಿಲ್ಲ ಎಂಬ ಕಾರಣಕ್ಕೇ ಬ್ಲೂಮ್‌ಕ್ವಿಸ್ಟ್‌ಗೆ ಅವನ ನೆರವು ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಕಾವಲಿನಲ್ಲಿರುವ ಸಲಾಂಡರ್‌ಗೆ ಹೊರಜಗತ್ತಿನೊಡನೆ ಸಂಪರ್ಕ ದೊರೆಯುವುದು ಅವನ ಮೂಲಕ. ಇದಕ್ಕೆ ವ್ಯತಿರಿಕ್ತವಾಗಿ ಸರಣಿಯ ಖಳರಲ್ಲಿ ಹೆಚ್ಚಿನವರು ಉದ್ಯಮಿ, ವಕೀಲ, ಮನೋವೈದ್ಯ, ಗುಪ್ತಚರ ಅಧಿಕಾರಿಗಳಂತಹ ಗೌರವಸ್ಥ ಸ್ವೀಡಿಷರು.

ನಿಧನ ಮತ್ತು ಆಸ್ತಿ ವಿವಾದ

ಲಾರ್ಸನ್ ಅವರ ಹಸ್ತಪ್ರತಿಯನ್ನು ಮೊದಲು ಒಂದು ಪ್ರಕಾಶನ ಸಂಸ್ಥೆ ತಿರಸ್ಕರಿಸಿತು. ಬಳಿಕ ನೂರ್ಸ್ಟೆಡ್ಸ್ ಸಂಸ್ಥೆ ಮೂರೂ ಕಾದಂಬರಿಗಳನ್ನು ಒಟ್ಟಿಗೆ ಸ್ವೀಕರಿಸಿತು. ಮೊದಲ ಪುಸ್ತಕ ಅಚ್ಚಾಗುವ ಮುನ್ನ, 2004ರ ನವೆಂಬರ್ 9ರಂದು ಅವರು ಸ್ಟಾಕ್‌ಹೋಮ್‌ನ ಕುಂಗ್ಸ್‌ಹೊಲ್ಮೆನ್ ಪ್ರದೇಶದಲ್ಲಿದ್ದ ಎಕ್ಸ್‌ಪೊ ಕಚೇರಿಗೆ ಬಂದರು. ಲಿಫ್ಟ್ ಕೆಟ್ಟಿದ್ದರಿಂದ ಏಳು ಅಂತಸ್ತು ಮೆಟ್ಟಿಲು ಹತ್ತಿದ ಅವರು ಹೃದಯಾಘಾತದಿಂದ ಕುಸಿದು ನಿಧನರಾದರು. ಅವರಿಗೆ ಆಗ 50 ವರ್ಷ. 1938ರಲ್ಲಿ ಜರ್ಮನಿಯಲ್ಲಿ ಯಹೂದಿಗಳ ಮೇಲೆ ನಡೆದ ದಾಳಿಯ ಸ್ಮರಣೆಯ ದಿನವೂ ಅದೇ ಆಗಿತ್ತು. ಆ ವಿಷಯದ ಮೇಲೆ ಅವರು ಅಂದು ಉಪನ್ಯಾಸ ನೀಡಬೇಕಿತ್ತು. ಹೊಗಾಲಿಡ್ ಚರ್ಚಿನ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಎರಿಟ್ರಿಯಾಕ್ಕೆ ಹೋದ ವರ್ಷವಾದ 1977ರಲ್ಲಿ ಅವರು ಉಯಿಲೊಂದನ್ನು ಬರೆದು ತಮ್ಮ ಆಸ್ತಿಯನ್ನು ಪಕ್ಷದ ಊಮಿಯೋ ಶಾಖೆಗೆ ಬಿಟ್ಟಿದ್ದರು. ಸಾಕ್ಷಿಗಳ ಸಹಿಯಿಲ್ಲದ ಕಾರಣ ಅದು ಕಾನೂನಿನ ಪ್ರಕಾರ ಅಸಿಂಧುವಾಯಿತು. ಮದುವೆಯಾಗದ ಸಂಗಾತಿಗೆ ಸ್ವೀಡನ್ನಿನ ಕಾನೂನಿನಲ್ಲಿ ತಾನಾಗಿ ಉತ್ತರಾಧಿಕಾರವಿಲ್ಲ. ಹೀಗಾಗಿ ಕೋಟ್ಯಂತರ ಕ್ರೋನಾ ಆದಾಯ ತಂದ ಕೃತಿಗಳ ಹಕ್ಕು ತಂದೆ ಮತ್ತು ತಮ್ಮನಿಗೆ ಸೇರಿತು. ಮೂವತ್ತೆರಡು ವರ್ಷ ಜೊತೆಗಿದ್ದ ಗಾಬ್ರಿಯೆಲ್‌ಸನ್ ಅವರಿಗೆ ಕೃತಿಗಳ ಮೇಲೆ ಯಾವ ಅಧಿಕಾರವೂ ಸಿಗಲಿಲ್ಲ. ಮಹಿಳೆಯರ ಹಕ್ಕುಗಳಿಗಾಗಿ ಬರೆದ ಲೇಖಕರ ವಿಷಯದಲ್ಲಿ ಹೀಗಾದುದು ಸ್ವೀಡನ್ನಿನಲ್ಲಿ ವ್ಯಾಪಕ ಚರ್ಚೆಗೆ ಕಾರಣವಾಯಿತು.

ಜನಪ್ರಿಯತೆ, ಪ್ರಶಸ್ತಿಗಳು ಮತ್ತು ಚಲನಚಿತ್ರಗಳು

ಮೊದಲ ಕಾದಂಬರಿಗೆ 2006ರಲ್ಲಿ ಮತ್ತು ಮೂರನೆಯದಕ್ಕೆ 2008ರಲ್ಲಿ ನಾರ್ಡಿಕ್ ದೇಶಗಳ ಅತ್ಯುತ್ತಮ ಅಪರಾಧ ಕಾದಂಬರಿಗೆ ನೀಡುವ ‘ಗಾಜಿನ ಕೀಲಿಕೈ’ ಪ್ರಶಸ್ತಿ ಸಂದಿತು. 2015ರ ಹೊತ್ತಿಗೆ ಸರಣಿಯ 8 ಕೋಟಿಗೂ ಹೆಚ್ಚು ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾಗಿದ್ದವು. ಇಂಗ್ಲಿಷ್ ಅನುವಾದದಲ್ಲಿ ಮೊದಲ ಕಾದಂಬರಿಗೆ ‘ದ ಗರ್ಲ್ ವಿತ್ ದ ಡ್ರ್ಯಾಗನ್ ಟ್ಯಾಟೂ’ ಎಂಬ ಹೊಸ ಹೆಸರಿಡಲಾಯಿತು. ಈ ಬದಲಾವಣೆಯಿಂದ ಗಮನವು ದ್ವೇಷಿಸುವ ಪುರುಷರಿಂದ ನಾಯಕಿಯ ಮೈಮೇಲಿನ ಹಚ್ಚೆಗೆ ಸರಿಯಿತು ಎಂದು ಹಲವರು ಆಕ್ಷೇಪಿಸಿದ್ದಾರೆ.

2009ರಲ್ಲಿ ಮೂರೂ ಕಾದಂಬರಿಗಳು ಸ್ವೀಡಿಷ್ ಭಾಷೆಯಲ್ಲಿ ಚಲನಚಿತ್ರಗಳಾದವು. ಮೊದಲನೆಯದನ್ನು ಡೆನ್ಮಾರ್ಕಿನ ನೀಲ್ಸ್ ಆರ್ಡನ್ ಓಪ್ಲೆವ್, ಉಳಿದೆರಡನ್ನು ಡಾನಿಯೆಲ್ ಆಲ್ಫ್ರೆಡ್‌ಸನ್ ನಿರ್ದೇಶಿಸಿದರು. ಸಲಾಂಡರ್ ಪಾತ್ರದಲ್ಲಿ ನೂಮಿ ರಾಪಾಸ್, ಬ್ಲೂಮ್‌ಕ್ವಿಸ್ಟ್ ಪಾತ್ರದಲ್ಲಿ ಮಿಕಾಯೆಲ್ ನ್ಯೂಕ್ವಿಸ್ಟ್ ನಟಿಸಿದರು. ಮೊದಲ ಚಿತ್ರಕ್ಕೆ 2011ರಲ್ಲಿ ಇಂಗ್ಲಿಷೇತರ ಭಾಷೆಯ ಅತ್ಯುತ್ತಮ ಚಿತ್ರವೆಂದು ಬಾಫ್ಟಾ ಪ್ರಶಸ್ತಿ ದೊರೆಯಿತು. ಈ ಚಿತ್ರಗಳನ್ನು ವಿಸ್ತರಿಸಿ 2010ರಲ್ಲಿ ಆರು ಕಂತುಗಳ ದೂರದರ್ಶನ ಸರಣಿಯನ್ನೂ ಪ್ರಸಾರ ಮಾಡಲಾಯಿತು. 2011ರಲ್ಲಿ ಡೇವಿಡ್ ಫಿಂಚರ್ ಅವರು ರೂನಿ ಮಾರಾ ಮತ್ತು ಡೇನಿಯಲ್ ಕ್ರೇಗ್ ಅವರೊಂದಿಗೆ ಮೊದಲ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ತೆರೆಗೆ ತಂದರು. ಸರಣಿಯನ್ನು ಡೇವಿಡ್ ಲಾಗರ್‌ಕ್ರಾಂಟ್ಸ್ (2015, 2017, 2019) ಮತ್ತು ನಂತರ ಕಾರಿನ್ ಸ್ಮಿರ್ನಾಫ್ ಮುಂದುವರಿಸಿದರು. ಕಾದಂಬರಿಗಳ ಮುಂದುವರಿಕೆಯನ್ನು ಗಾಬ್ರಿಯೆಲ್‌ಸನ್ ಅವರು ಬಹಿರಂಗವಾಗಿ ವಿರೋಧಿಸಿದ್ದರು.

ವಿಮರ್ಶೆ

ಲಾರ್ಸನ್ ಅವರನ್ನು ಸ್ತ್ರೀವಾದಿ ಲೇಖಕರೆಂದು ಹೊಗಳಿದವರಂತೆಯೇ ಪ್ರಶ್ನಿಸಿದವರೂ ಇದ್ದಾರೆ. ಲೈಂಗಿಕ ಹಿಂಸೆಯನ್ನು ಖಂಡಿಸುವ ಕಾದಂಬರಿಗಳು ಅದನ್ನೇ ವಿವರವಾಗಿ ವರ್ಣಿಸಿ ಓದುಗರ ಕುತೂಹಲಕ್ಕೆ ಉಣಿಸುತ್ತವೆ ಎಂಬುದು ಮೊದಲ ಆಕ್ಷೇಪ. ಬಹುತೇಕ ಎಲ್ಲ ಮಹಿಳೆಯರೂ ಬ್ಲೂಮ್‌ಕ್ವಿಸ್ಟ್‌ನಿಂದ ಆಕರ್ಷಿತರಾಗುವುದು ಪುರುಷ ಲೇಖಕನ ಬಯಕೆಯಂತೆ ತೋರುತ್ತದೆ ಎಂಬುದು ಎರಡನೆಯದು. ಮೂರನೆಯ ಆಕ್ಷೇಪ ಪ್ರಾತಿನಿಧ್ಯಕ್ಕೆ ನೇರವಾಗಿ ಸಂಬಂಧಿಸಿದೆ. ಎರಡನೆಯ ಕಾದಂಬರಿ ಪೂರ್ವ ಯುರೋಪಿನಿಂದ ನಡೆಯುವ ಮಹಿಳೆಯರ ಕಳ್ಳಸಾಗಣೆಯ ಸುತ್ತ ಹೆಣೆಯಲ್ಪಟ್ಟಿದ್ದರೂ, ಸಂತ್ರಸ್ತ ಮಹಿಳೆಯರು ಕಥೆಯ ಹಿನ್ನೆಲೆಯಲ್ಲೇ ಉಳಿಯುತ್ತಾರೆ. ಅವರ ಬಗ್ಗೆ ಪ್ರಬಂಧ ಬರೆಯುವವರು, ವರದಿ ಮಾಡುವವರು, ಅವರ ಪರ ಸೇಡು ತೀರಿಸುವವರು ಎಲ್ಲರೂ ಸ್ವೀಡಿಷರು. ಯಾರೂ ಹುಡುಕದವರ ಕಥೆ ಹೇಳಹೊರಟ ಲೇಖಕರು ಅವರಿಗೆ ಸ್ವಂತ ದನಿಯನ್ನು ಕೊಡಲಿಲ್ಲ ಎಂಬ ಈ ಮಾತಿಗೆ ಕಾದಂಬರಿಗಳಲ್ಲೇ ಆಧಾರವಿದೆ.

ಅವರ ಬರಹದ ಗುಣಮಟ್ಟವೂ ವಿವಾದಕ್ಕೊಳಗಾಗಿದೆ. ಸುದ್ದಿಸಂಸ್ಥೆಯ ಹಿಂದಿನ ಸಹೋದ್ಯೋಗಿಯೊಬ್ಬರು, ಲಾರ್ಸನ್ ಅವರು ಇಂತಹ ಕಾದಂಬರಿಗಳನ್ನು ಬರೆಯಬಲ್ಲಷ್ಟು ನುರಿತ ಬರಹಗಾರರಾಗಿರಲಿಲ್ಲ ಎಂದು ಬರೆದರು. ಪ್ರಕಾಶಕರು ಮತ್ತು ಕುಟುಂಬದವರು ಇದನ್ನು ನಿರಾಕರಿಸಿದರು.

ಅಪರಾಧ ಧಾರಾವಾಹಿಗಳು ಮತ್ತು ಲಾರ್ಸನ್ ಅವರ ಪರಂಪರೆ

ಸ್ಕ್ಯಾಂಡಿನೇವಿಯದ ಅಪರಾಧ ಧಾರಾವಾಹಿಗಳ ಏಳಿಗೆಗೆ ಲಾರ್ಸನ್ ಒಬ್ಬರೇ ಕಾರಣರಲ್ಲ. ಸಾರಾ ಲುಂಡ್ ಎಂಬ ಮಹಿಳಾ ಪತ್ತೇದಾರಿಣಿಯನ್ನು ಕೇಂದ್ರವಾಗಿಸಿಕೊಂಡ ಡೆನ್ಮಾರ್ಕಿನ ‘ಫೊರ್‌ಬ್ರುಡೆಲ್ಸನ್’ 2007ರಲ್ಲೇ ಆರಂಭವಾಗಿತ್ತು. ಅದರ ಮೊದಲ ಸರಣಿಯಲ್ಲಿ ವಲಸಿಗ ಮೂಲದ ಶಾಲಾ ಶಿಕ್ಷಕನೊಬ್ಬ ತಪ್ಪಾಗಿ ಕೊಲೆಯ ಸಂಶಯಕ್ಕೆ ಗುರಿಯಾಗುತ್ತಾನೆ. ಆದರೆ ಮಿಲೇನಿಯಂ ಕಾದಂಬರಿ ಮತ್ತು ಚಿತ್ರಗಳ ಯಶಸ್ಸು ಈ ಪ್ರದೇಶದ ಅಪರಾಧ ಕಥನಗಳಿಗೆ ಜಾಗತಿಕ ಮಾರುಕಟ್ಟೆಯನ್ನು ಹಿಗ್ಗಿಸಿತು. 2011ರಲ್ಲಿ ಆರಂಭವಾದ ಸ್ವೀಡನ್–ಡೆನ್ಮಾರ್ಕ್ ಜಂಟಿ ಧಾರಾವಾಹಿ ‘ಬ್ರೂನ್’ನ ಪೊಲೀಸ್ ಅಧಿಕಾರಿ ಸಾಗಾ ನೊರೆನ್ ಪಾತ್ರವನ್ನು ಸಲಾಂಡರ್‌ಳೊಂದಿಗೆ ವಿಮರ್ಶಕರು ಆಗಾಗ ಹೋಲಿಸುತ್ತಾರೆ.

ಈ ಧಾರಾವಾಹಿಗಳಲ್ಲಿ ಮಹಿಳೆಯರು ನಾಯಕಿಯರಾದಷ್ಟು ಬೇಗ ವಲಸಿಗ ಮೂಲದವರು ಕೇಂದ್ರಕ್ಕೆ ಬರಲಿಲ್ಲ. ಬಹುಕಾಲ ಅವರು ಸಂಶಯಿತರು, ಸಂತ್ರಸ್ತರು ಅಥವಾ ಸಹಾಯಕರ ಪಾತ್ರಗಳಲ್ಲೇ ಉಳಿದರು. ಈ ಕೊರತೆ ನಂತರದ ವರ್ಷಗಳಲ್ಲಿ ಕ್ರಮೇಣ ಕಡಿಮೆಯಾಗಿದೆ. ಉತ್ತರ ಸ್ವೀಡನ್ನಿನ ಕಿರುನಾದಲ್ಲಿ ನಡೆಯುವ ‘ಮಿಡ್‌ನಾಟ್ಸ್‌ಸೋಲ್’ (2016) ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬದುಕನ್ನು ಕಥೆಯ ಮಧ್ಯಕ್ಕೆ ತಂದಿತು. ‘ಸ್ನಬ್ಬಾ ಕ್ಯಾಶ್’ (2021) ಧಾರಾವಾಹಿಯಲ್ಲಿ ಲೇಯಾ ಎಂಬ ವಲಸಿಗ ಮೂಲದ ಒಂಟಿ ತಾಯಿಯೇ ಕಥಾನಾಯಕಿ.

ಎಕ್ಸ್‌ಪೊ ಪತ್ರಿಕೆ ಲಾರ್ಸನ್ ಅವರ ನಂತರವೂ ಪ್ರಕಟವಾಗುತ್ತಿದೆ. ಅವರ ಹೆಸರಿನಲ್ಲಿ 2009ರಲ್ಲಿ ಸ್ಥಾಪಿಸಲಾದ ಪ್ರಶಸ್ತಿಯನ್ನು ಅವರ ಆಶಯಗಳಿಗೆ ಅನುಗುಣವಾಗಿ ಕೆಲಸ ಮಾಡುವ ವ್ಯಕ್ತಿ ಅಥವಾ ಸಂಸ್ಥೆಗೆ ನೀಡಲಾಗುತ್ತದೆ.

ಪ್ರಮುಖ ಕೃತಿಗಳು

ಕಾದಂಬರಿಗಳು
- ಮಹಿಳೆಯರನ್ನು ದ್ವೇಷಿಸುವ ಪುರುಷರು (ಸ್ವೀಡಿಷ್: ಮೆನ್ ಸೊಮ್ ಹಾಟರ್ ಕ್ವಿನ್ನೊರ್, 2005)
- ಬೆಂಕಿಯೊಂದಿಗೆ ಆಡಿದ ಹುಡುಗಿ (ಸ್ವೀಡಿಷ್: ಫ್ಲಿಕನ್ ಸೊಮ್ ಲೆಕ್ಟೆ ಮೆಡ್ ಎಲ್ಡೆನ್, 2006)
- ಸ್ಫೋಟಗೊಂಡ ಗಾಳಿಗೋಪುರ (ಸ್ವೀಡಿಷ್: ಲುಫ್ಟ್‌ಸ್ಲಾಟೆಟ್ ಸೊಮ್ ಸ್ಪ್ರೆಂಗ್ಡೆಸ್, 2007)

ಇತರ ಗ್ರಂಥಗಳು
- ತೀವ್ರ ಬಲಪಂಥ (ಆನ್ನಾ ಲೆನಾ ಲೊಡೆನಿಯಸ್ ಅವರೊಂದಿಗೆ, 1991)
- ಬೆದರಿಕೆಗೊಳಗಾದ ಪತ್ರಕರ್ತರಿಗಾಗಿ ಕೈಪಿಡಿ (2000)
- ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷದ ಕುರಿತ ಅಧ್ಯಯನ (ಮಿಕಾಯೆಲ್ ಎಕ್‌ಮನ್ ಅವರೊಂದಿಗೆ, 2001)
- ಮರ್ಯಾದೆಗೇಡು ಹತ್ಯೆಯ ಚರ್ಚೆ: ಸ್ತ್ರೀವಾದವೋ ಜನಾಂಗದ್ವೇಷವೋ (ಸೆಸಿಲಿಯಾ ಎಂಗ್ಲುಂಡ್ ಅವರೊಂದಿಗೆ ಸಂಪಾದಿತ, 2004)